ದೊಡ್ಡ ಎದೆ, ಏಪ್ರಿಲ್ ಬಿಸಿಲು, ಎರಡು ಜೇಬಿನ ಅಂಗಿ

ಕಲಬುರಗಿ, 28 ಏಪ್ರಿಲ್ 2024, ಭಾನುವಾರ

ಯಾದಗಿರಿಯಿಂದ ತಮ್ಮ ಬಂದಿದ್ದ. ಒಡಹುಟ್ಟಿದವನಲ್ಲ, ನನ್ನ ಹಾಗೆಯೇ ಮನೆಯವರು ಹೆಣ್ಣೆಂದು ತಿಳಿದು ಬೆಳೆಸಿದ ಟ್ರಾನ್ಸ್ ಪುರುಷ. ಪದವಿ ಮುಗಿಸಿ ಕೆಲಸ ಹುಡುಕುತ್ತಿದ್ದಾನೆ, ನನಗಿಂತ ಬಹಳ ಚಿಕ್ಕವನು. ಮೇ 7ರಂದು ಮತಗಟ್ಟೆಯ ಸಾಲಿನಲ್ಲಿ ಓಣಿಯವರೆಲ್ಲರ ಕಣ್ಣೆದುರು ನಿಲ್ಲಬೇಕಲ್ಲ ಎಂಬ ಚಿಂತೆ ಹತ್ತಿ, ಎದೆಗೆ ಕ್ರೇಪ್ ಬ್ಯಾಂಡೇಜ್ ಸುತ್ತಿಕೊಂಡು ಅಭ್ಯಾಸ ಮಾಡಿಕೊಳ್ಳುತ್ತಿದ್ದನಂತೆ. ಇವತ್ತು ರೈಲು ಹತ್ತಿದ್ದೂ ಹಾಗೆಯೇ. "ವಾಡಿ ದಾಟೂದ್ರಾಗ ಉಸುರು ಹಿಡದಂಗ ಆತು ಅಣ್ಣಾ, ಬಾಗಿಲದಾಗೇ ನಿಂತು ಬಂದೀನ್ರಿ" ಎಂದ.

ಮೊದಲು ಅದನ್ನು ಬಿಚ್ಚಿ ಬಾ ಎಂದು ಒಳಗೆ ಕಳಿಸಿದೆ. ಬಂದ ಮೇಲೆ ಬನಿಯನ್ನು ಪಕ್ಕದಿಂದ ಸ್ವಲ್ಪ ಎತ್ತಿ ತೋರಿಸಿದ: ಪಕ್ಕೆಲುಬುಗಳ ಮೇಲೆ ಪಟ್ಟಿಯ ಅಂಚು ಒತ್ತಿದಲ್ಲೆಲ್ಲ ಕೆಂಪು ಗೆರೆ ಎದ್ದಿತ್ತು, ಎದೆಯ ಕೆಳಮಡಿಕೆಯಲ್ಲಿ ಚರ್ಮ ಬೆವರಿನಲ್ಲಿ ನೆನೆದು ಬಿಳಿಚಿಕೊಂಡು, ಅದರ ಅಂಚಿನಲ್ಲಿ ಸಣ್ಣ ಗುಳ್ಳೆಗಳಾಗಿದ್ದವು. ಕ್ರೇಪ್ ಬ್ಯಾಂಡೇಜನ್ನು ತಯಾರಿಸುವುದು ಉಳುಕಿದ ಕಾಲಿಗಾಗಿ. ಉಸಿರಾಡಿದಾಗ ಹಿಗ್ಗಿ ಕುಗ್ಗುವ ಎದೆಗೂಡಿನ ಮೇಲೆ ಸುತ್ತಿದರೆ ಅದು ಸರಿಯುತ್ತ ಮತ್ತಷ್ಟು ಬಿಗಿಯುತ್ತ ಹೋಗುತ್ತದೆ. ಪಕ್ಕೆಲುಬಿಗೆ ಪೆಟ್ಟಾಗುವುದೂ ಉಂಟು. ಪಾರ್ಸೆಲ್‌ಗೆ ಅಂಟಿಸುವ ಟೇಪು ಇದಕ್ಕಿಂತಲೂ ಕೆಟ್ಟದ್ದು, ಬಿಚ್ಚುವಾಗ ಚರ್ಮವನ್ನೇ ಕಿತ್ತುಕೊಂಡು ಬರುತ್ತದೆ.

ಎದೆ ಸಣ್ಣದಿದ್ದವರು ಬರೆದ ಸಲಹೆಗಳನ್ನು ಓದಿ ನಮ್ಮಂಥವರು ಮೋಸಹೋಗುವುದೇ ಹೆಚ್ಚು. ಅವರಿಗೆ ಒಂದು ಗಿಡ್ಡ ಬೈಂಡರ್ (ಎದೆಯನ್ನು ಒತ್ತಿ ಹಿಡಿಯಲೆಂದೇ ಹೊಲಿದ ಬಿಗಿ ಒಳಉಡುಪು) ಹಾಕಿಕೊಂಡರೆ ಎದೆ ಹಲಗೆಯಂತಾಗುತ್ತದೆ, ನಮಗೆ ಆಗುವುದಿಲ್ಲ. ಆಗಲೇಬೇಕೆಂದು ಒಂದು ಸೈಜ್ ಚಿಕ್ಕದು ತರಿಸುವುದು, ಒಂದರ ಮೇಲೊಂದು ಎರಡು ಹಾಕುವುದು, ಇವೆಲ್ಲ ಶ್ವಾಸಕ್ಕೆ ಸಂಚಕಾರ. ನಾನು ತಮ್ಮನಿಗೆ ಹೇಳಿದ್ದು ಇಷ್ಟೇ: ನಮಗೆ ಬೇಕಾದದ್ದು ಚಪ್ಪಟೆ ಎದೆಯಲ್ಲ, ಗಂಡಸಿನ ಎದೆ, ಗಂಡಸರಲ್ಲಿಯೂ ದಪ್ಪ ಎದೆಯವರಿಗೇನು ಬರವಿಲ್ಲ. ನಾನು ಲೆಕ್ಕ ಬರೆಯುವ ದಾಲ್ ಮಿಲ್ಲಿನ ಸಾವುಕಾರರು ತೆಳು ಬಿಳಿ ನೆಹರೂ ಶರ್ಟ್ ತೊಟ್ಟು ಗಲ್ಲೆಯ ಮೇಲೆ ಕುಳಿತರೆ ಅವರ ಎದೆ ನನ್ನದಕ್ಕಿಂತ ಮುಂದೆ ಬಂದಿರುತ್ತದೆ. ಅವರ ಗಂಡಸುತನವನ್ನು ಈವರೆಗೆ ಯಾರೂ ಪ್ರಶ್ನಿಸಿದ್ದಿಲ್ಲ.

ಆಮೇಲೆ ಅಳತೆ ತೆಗೆದೆವು. ಟೇಪನ್ನು ಎಳೆದು ಬಿಗಿಯದೆ, ಸಹಜವಾಗಿ ಉಸಿರಾಡುತ್ತ, ಎದೆಯ ಅತ್ಯಂತ ಉಬ್ಬಿದ ಭಾಗದ ಸುತ್ತ ಒಂದು, ಎದೆಯ ಕೆಳಗೆ ಪಕ್ಕೆಲುಬಿನ ಸುತ್ತ ಒಂದು, ಭುಜದಿಂದ ಭುಜಕ್ಕೆ ಒಂದು. ಎರಡು ಸೈಜುಗಳ ನಡುವೆ ಬಂದರೆ ದೊಡ್ಡದನ್ನೇ ಆರಿಸಬೇಕು. ಮಾದರಿಯ ವಿಷಯದಲ್ಲಿ ಮಾತ್ರ ಸ್ವಲ್ಪ ಯೋಚಿಸಬೇಕಾಯಿತು. ಗಿಡ್ಡ ಬೈಂಡರ್‌ನ ಕೆಳಅಂಚು ದೊಡ್ಡ ಎದೆಯವರಿಗೆ ಮಡಚಿಕೊಂಡು ಮೇಲೇರುತ್ತದೆ, ಅಥವಾ ಮಾಂಸ ಅದರ ಕೆಳಗಿನಿಂದ ಜಾರಿ ಹೊರಬರುತ್ತದೆ. ಸೊಂಟದವರೆಗೆ ಬರುವ ಉದ್ದ ಬೈಂಡರ್ ಜಾರಲು ಬಿಡುವುದಿಲ್ಲವಾದರೂ ಹೊಟ್ಟೆಯನ್ನೂ ಸುತ್ತಿಕೊಳ್ಳುವುದರಿಂದ ಉಷ್ಣಾಂಶ 42 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಅದು ಒಂದು ಶಿಕ್ಷೆಯೇ ಸರಿ. ಬೇಸಿಗೆಗೆ ಗಿಡ್ಡದು, ಚಳಿಗಾಲಕ್ಕೆ ಉದ್ದದ್ದು ಎಂಬುದು ನನ್ನ ಪದ್ಧತಿ. ಒಂದನ್ನೇ ಕೊಳ್ಳುವ ಶಕ್ತಿಯಿದ್ದರೆ ಉದ್ದದ್ದೇ ಇರಲಿ, ಆದರೆ ತೋಳಪಟ್ಟಿ ಅಗಲವಿರಬೇಕು, ಇಲ್ಲವಾದರೆ ಎದೆಯ ಭಾರವೆಲ್ಲ ಎರಡು ದಾರಗಳ ಮೇಲೆ ಬಿದ್ದು ಹೆಗಲು ಕೊರೆಯುತ್ತದೆ.

ಹಾಕಿಕೊಳ್ಳುವ ಬಗೆಯನ್ನು ಬಹಳ ಜನ ಹೇಳಿಕೊಡುವುದಿಲ್ಲ. ಬೈಂಡರ್ ತೊಟ್ಟ ಮೇಲೆ ಸ್ವಲ್ಪ ಮುಂದಕ್ಕೆ ಬಾಗಿ, ಒಳಗೆ ಕೈಹಾಕಿ, ಎದೆಯ ಒಂದೊಂದು ಭಾಗವನ್ನೂ ಕೆಳಕ್ಕೆ ಮತ್ತು ಪಕ್ಕಕ್ಕೆ ಸರಿಸಿ ಕೂಡಿಸಬೇಕು. ನಡುವಿಗೆ ಅಥವಾ ಮೇಲಕ್ಕೆ ದೂಡಿದರೆ ಕತ್ತಿನ ಕೆಳಗೆ ಉಬ್ಬು ಕಾಣುತ್ತದೆ. ಕೆಳಕ್ಕೂ ಪಕ್ಕಕ್ಕೂ ಹರಡಿದರೆ ಅದು ದಪ್ಪ ಮೈಯ ಗಂಡಸಿನ ಎದೆಯ ಆಕಾರಕ್ಕೆ ಬರುತ್ತದೆ. ಬಳಿಕ ಎರಡೂ ಕೈಗಳನ್ನು ಮೇಲೆತ್ತಿ ದೀರ್ಘವಾಗಿ ಉಸಿರೆಳೆದು ನೋಡಬೇಕು. ಉಸಿರು ಅರ್ಧಕ್ಕೇ ನಿಂತರೆ ಆ ಬೈಂಡರ್ ನಮ್ಮದಲ್ಲ.

"ದಿನಾ ಎಷ್ಟೊತ್ತು ಹಾಕ್ಕೋಬೇಕ್ರಿ ಅಣ್ಣಾ?" ಎಂದು ಕೇಳಿದ. 8 ಗಂಟೆ ಮೀರಬಾರದೆಂಬುದು ಸಾಮಾನ್ಯವಾಗಿ ಎಲ್ಲರೂ ಕೊಡುವ ಸಲಹೆ. ಮಲಗುವಾಗ, ವ್ಯಾಯಾಮ ಮಾಡುವಾಗ, ಮೂಟೆ ಹೊರುವಾಗ ಹಾಕಲೇಬಾರದು. ಬಿಸಿಲುಗಾಲದಲ್ಲಿ ನಾನು ಅದಕ್ಕಿಂತ ಕಡಿಮೆಗೇ ನಿಲ್ಲಿಸುತ್ತೇನೆ. 2017ರಲ್ಲಿ ಪ್ರಕಟವಾದ, ಎದೆ ಕಟ್ಟುವ 1,800 ಜನರನ್ನು ಕೇಳಿ ಮಾಡಿದ ಒಂದು ಅಧ್ಯಯನದಲ್ಲಿ ಶೇ. 97ರಷ್ಟು ಮಂದಿ ಒಂದಲ್ಲ ಒಂದು ತೊಂದರೆ ಹೇಳಿಕೊಂಡಿದ್ದರು, ಅರ್ಧಕ್ಕಿಂತ ಹೆಚ್ಚು ಜನರಿಗೆ ಬೆನ್ನುನೋವಿತ್ತು. ದೊಡ್ಡ ಎದೆಯವರಲ್ಲಿ ಚರ್ಮದ ತೊಂದರೆ ಹೆಚ್ಚು ಕಂಡಿತ್ತು. ಅಂಗಡಿಯ ಬೈಂಡರ್ ಹಾಕಿದವರೂ ಇದಕ್ಕೆ ಹೊರತಾಗಿರಲಿಲ್ಲ. ವಾರದಲ್ಲಿ ಎಷ್ಟು ದಿನ ಕಟ್ಟುತ್ತಾರೆ ಎಂಬುದಕ್ಕೂ ತೊಂದರೆಗೂ ನೇರ ಸಂಬಂಧವಿತ್ತು. ಹೆದರಿಸಲು ಇದನ್ನು ಹೇಳಲಿಲ್ಲ. ಕಟ್ಟಿಕೊಂಡ ಮೇಲೆ ಮನಸ್ಸಿನ ಕಳವಳ ಇಳಿಯಿತೆಂದು ಹೇಳಿದವರೂ ಅದೇ ಜನರೇ. ಆದ್ದರಿಂದ ವಾರಕ್ಕೆ ಒಂದೆರಡು ದಿನವಾದರೂ ಎದೆಗೆ ರಜೆ ಕೊಡು, ಮನೆಯಲ್ಲಿ ಒಬ್ಬನೇ ಇರುವಾಗ ಕಟ್ಟುವ ಹಟ ಬೇಡ ಎಂದೆ. ಎದೆನೋವು, ಉಸಿರುಕಟ್ಟು, ಕೈ ಜೋಮು ಹಿಡಿಯುವುದು, ಇವುಗಳಲ್ಲಿ ಯಾವುದು ಕಂಡರೂ ಬಸ್ ನಿಲ್ದಾಣದ ಶೌಚಾಲಯವಾದರೂ ಸರಿ, ಆಗಲೇ ಬಿಚ್ಚಬೇಕು. ಬಿಚ್ಚಿದ ಮೇಲೂ ನೋವು ಉಳಿದರೆ ವೈದ್ಯರ ಬಳಿ ಹೋಗಬೇಕು. ದಮ್ಮು ಇರುವವರು ವೈದ್ಯರನ್ನು ಕೇಳಿಯೇ ಇದಕ್ಕೆ ಕೈಹಾಕುವುದು ಲೇಸು.

ಅವನ ಗುಳ್ಳೆಗಳು ಆರುವವರೆಗೆ ಏನನ್ನೂ ಬಿಗಿಯಾಗಿ ಕಟ್ಟಬೇಡವೆಂದಿದ್ದೇನೆ. ಕೆಳಮಡಿಕೆಯನ್ನು ತೊಳೆದು, ಉಜ್ಜದೆ ಒತ್ತಿ ಒರೆಸಿ, ಫ್ಯಾನಿನ ಗಾಳಿಗೆ ಪೂರ್ತಿ ಒಣಗಿಸಬೇಕು. ಅಲ್ಲಿ ತೇವ ಉಳಿದರೆ ಹುಳುಕಡ್ಡಿಯಂಥ ಶಿಲೀಂಧ್ರ ಸೇರಿಕೊಳ್ಳಲು ತಡವಾಗುವುದಿಲ್ಲ. ಬೈಂಡರ್ ಒಳಗೆ ತೆಳು ಹತ್ತಿಯ ಬನಿಯನ್ ಹಾಕಿಕೊಂಡರೆ ಬೆವರು ಹೀರುತ್ತದೆ. ಬೈಂಡರನ್ನು ತಣ್ಣೀರಿನಲ್ಲಿ ಕೈಯಿಂದಲೇ ಒಗೆದು ನೆರಳಿನಲ್ಲಿ ಒಣಹಾಕಬೇಕು. ಮಾಳಿಗೆಯ ಬಿಸಿಲಿಗೆ ಹಾಕಿದರೆ ಅದರ ಹಿಗ್ಗುವ ಗುಣ ಬೇಗ ಸಾಯುತ್ತದೆ, ಪಕ್ಕದ ಮನೆಯವರ ಕಣ್ಣಿಗೂ ಬೀಳುತ್ತದೆ.

ಚರ್ಮಕ್ಕೆಂದೇ ಮಾಡಿದ ಹಿಗ್ಗುವ ಟೇಪಿನ ಬಗ್ಗೆಯೂ ವಿಚಾರಿಸಿದ. ಅದನ್ನು ಮೈಸುತ್ತ ಸುತ್ತುವುದಿಲ್ಲ, ಎದೆಯನ್ನು ಪಕ್ಕಕ್ಕೆಳೆದು ಕಂಕುಳಿನ ಕಡೆಗೆ ಅಂಟಿಸುತ್ತಾರೆ, ಹೀಗಾಗಿ ಉಸಿರಿಗೆ ತಡೆಯಿಲ್ಲ. ಭಾರದ ಎದೆಗೆ ಅಗಲ ಪಟ್ಟಿಗಳು, ಅವೂ ಹಲವು, ಬೇಕಾಗುತ್ತವೆ. ತೆಗೆಯುವಾಗ ಎಣ್ಣೆ ಹಚ್ಚಿ ನಿಧಾನವಾಗಿ ಬಿಡಿಸಬೇಕು. ನಮ್ಮ ಬೆವರಿಗೆ ಅದು ನಿಲ್ಲುವುದು ನನಗಂತೂ ಅನುಮಾನ.

ತರಿಸಿದ ಬೈಂಡರ್ 7ನೇ ತಾರೀಖಿನೊಳಗೆ ಬರುವ ಭರವಸೆಯಿಲ್ಲ. ಗುಳ್ಳೆ ಮಾಯ್ದಿದ್ದರೆ ಅಂದು ಒಂದು ಸ್ಪೋರ್ಟ್ಸ್ ಬ್ರಾ, ಒಂದೇ, ಮತ್ತು ಅದರ ಮೇಲೆ ಸರಿಯಾದ ಅಂಗಿ. ದೊಡ್ಡ ಎದೆಯವರ ಅರ್ಧ ಕೆಲಸ ಮಾಡುವುದು ಹೊರಗಿನ ಬಟ್ಟೆ. ಬಿಳಿ ಬೇಡ, ಜಾರುವ ಪಾಲಿಯೆಸ್ಟರ್ ಬೇಡ. ಮೈಗೆ ಅಂಟದ ದಪ್ಪ ಹತ್ತಿ ಅಥವಾ ಖಾದಿ, ಕಡುಬಣ್ಣದ ಚೌಕಳಿ, ಎದೆಯ ಎರಡೂ ಕಡೆ ಮುಚ್ಚಳವಿರುವ ಜೇಬು. ತೀರಾ ದೊಗಳೆಯಾದರೆ ಬಟ್ಟೆ ಎದೆಯ ತುದಿಯಿಂದ ಡೇರೆಯಂತೆ ನೇತಾಡಿ ಇನ್ನಷ್ಟು ಎತ್ತಿ ತೋರಿಸುತ್ತದೆ, ಆದ್ದರಿಂದ ಭುಜದ ಹೊಲಿಗೆ ಭುಜದ ಮೇಲೆಯೇ ಕೂರಬೇಕು. ಇಷ್ಟರ ಮೇಲೆ ಕೊರಳಿನ ಎರಡೂ ಬದಿಗೆ ಇಳಿಬಿಟ್ಟ ಒಂದು ಟವೆಲ್. ಈ ಬಿಸಿಲಿನಲ್ಲಿ ಟವೆಲ್ ಯಾಕೆಂದು ಕಲಬುರಗಿ, ಯಾದಗಿರಿಗಳಲ್ಲಿ ಯಾರೂ ಕೇಳುವುದಿಲ್ಲ.

ಸಂಜೆ ಸೂಪರ್ ಮಾರ್ಕೆಟ್‌ನಲ್ಲಿ ಬಟ್ಟೆ ಹರಿಸಿಕೊಂಡು ನಮ್ಮ ಓಣಿಯ ದರ್ಜಿಯ ಬಳಿ ಹೋದೆವು. ಮೈಅಳತೆ ಕೊಡಲು ಅವನಿಗೆ ಸಂಕೋಚ. ಅವನ ಭುಜಕ್ಕೆ ಹೊಂದುವ ನನ್ನ ಹಳೆಯ ಅಂಗಿಯನ್ನೇ ಅಳತೆಗೆಂದು ಕೊಟ್ಟೆ. "ಎರಡು ಜೇಬ್ ಯಾಕ್ರಿ, ಪೊಲೀಸ್ ಆಗ್ತಾನೇನ್ರಿ ನಿಮ್ ತಮ್ಮ?" ಎಂದು ದರ್ಜಿ ನಕ್ಕರು. ಆಗಬಹುದು ಎಂದು ತಮ್ಮನೂ ನಕ್ಕ. ಶನಿವಾರ ಕೊಡುವುದಾಗಿ ಹೇಳಿದ್ದಾರೆ. ದರ್ಜಿಯ ಶನಿವಾರವೆಂದರೆ ಸೋಮವಾರವೆಂದು ಹಿಡಿದರೂ ಮಂಗಳವಾರದ ಮತದಾನಕ್ಕೆ ಅಂಗಿ ಸಿದ್ಧವಿರುತ್ತದೆ.