ಏನಿಲ್ಲ ಬಿಡು

ಮಂಗಳವಾರ ಸಂಜೆ ಆರೂ ಹತ್ತಕ್ಕೆ ನಾನು ಚಾಟ್‌ನಲ್ಲಿ ಎರಡು ಪದ ಬರೆದೆ: ಏನಿಲ್ಲ ಬಿಡು. ಇವತ್ತು ಭಾನುವಾರ. ಅನ್ನಕ್ಕಿಟ್ಟಾಗ, ಬಂಗಾರಪೇಟೆ ಸ್ಟೇಷನ್ನಿನಲ್ಲಿ ಬೆಳಗಿನ ರೈಲು ಕಾಯುವಾಗ, ರಾತ್ರಿ ಮಗಳ ಪಕ್ಕ ಮಲಗಿದಾಗ ಅದೇ ಸಾಲು ಕಣ್ಣ ಮುಂದೆ ಬಂದು ನಿಲ್ಲುತ್ತಿದೆ.

ನಮ್ಮ ತಂಡದಲ್ಲಿ ಹನ್ನೊಂದು ಜನ. ಆರು ಜನ ಇಲ್ಲಿನವರು, ಮೂವರು ಪೋಲೆಂಡಿನ ಕ್ರಾಕೋವ್‌ನವರು, ಇಬ್ಬರು ಅಮೆರಿಕದ ಆಸ್ಟಿನ್‌ನವರು. ಮೂರು ಕಡೆಗೂ ಹೊಂದುವ ಹೊತ್ತು ನಮ್ಮ ಸಂಜೆ ಆರು. ನಾನು ವಾರಕ್ಕೆ ಮೂರು ದಿನ ರೈಲಿನಲ್ಲಿ ಹೋಗಿ ವೈಟ್‌ಫೀಲ್ಡ್‌ನಲ್ಲಿ ಇಳಿಯುತ್ತೇನೆ, ಮಂಗಳವಾರ, ಶುಕ್ರವಾರ ಮನೆಯಿಂದಲೇ ಕೆಲಸ. ಆ ಮಂಗಳವಾರ ಮೀಟಿಂಗ್ ನಡೆಯುತ್ತಿರುವಾಗ ನಮ್ಮ ಬೀದಿಗೆ ಈರುಳ್ಳಿ ಟೆಂಪೋ ಬಂತು. ಮೈಕಿನಲ್ಲಿ ರೆಕಾರ್ಡ್ ಮಾಡಿಟ್ಟ ದನಿ. ನಾನು ಮಾತಾಡುತ್ತಿದ್ದೆ, ಮ್ಯೂಟ್ ಮಾಡುವ ಹಾಗಿರಲಿಲ್ಲ. ಕ್ರಾಕೋವ್‌ನ ಹುಡುಗ ಗಂಭೀರವಾಗಿ ಕೇಳಿದ: "ಇವರು ತಂಡಕ್ಕೆ ಹೊಸಬರಾ? ಬಹಳ ಆತ್ಮವಿಶ್ವಾಸದಿಂದ ಮಾತಾಡ್ತಾರೆ." ಎಲ್ಲರೂ ಬಿದ್ದು ಬಿದ್ದು ನಕ್ಕರು. ಬೆಂಗಳೂರಿನವರು ಕನ್ನಡದಲ್ಲಿ ಒಂದು, ಹಿಂದಿಯಲ್ಲಿ ಒಂದು ಸೇರಿಸಿದರು. ಆ ಗದ್ದಲದ ನಡುವೆಯೇ ನಮ್ಮ ಮ್ಯಾನೇಜರ್ ನಗುತ್ತಾ ಇನ್ನೊಂದು ಮಾತು ಹೇಳಿದರು: ಬಿಲ್ಡ್, ಅಂದರೆ ನಾವು ಸಿದ್ಧ ಮಾಡಿದ ಸಾಫ್ಟ್‌ವೇರ್, ಶುಕ್ರವಾರಕ್ಕಲ್ಲ, ಗುರುವಾರ ಮಧ್ಯಾಹ್ನಕ್ಕೇ ಹೋಗಬೇಕು.

ಆಗಲೇ ಅವಳ ಮೆಸೇಜು ಬಂದದ್ದು. "ಅಕ್ಕ, ಯಾಕೆ ಎಲ್ಲ ನಗ್ತಿದ್ದೀರ?"

ನಾನು ಬರೆದೆ. ಏನಿಲ್ಲ ಬಿಡು.

ಅವಳು ಶ್ರೀನಿವಾಸಪುರದ ಹುಡುಗಿ, ನಾಲ್ಕು ತಿಂಗಳ ಹಿಂದೆ ಸೇರಿದವಳು. ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ಎರಡೂ ಕಿವಿಗೆ ಮಷಿನ್ ಹಾಕಿಕೊಳ್ಳುತ್ತಾಳೆ. ಸದ್ದಾಯಿತು ಅಂತ ತಿಳಿಯುತ್ತದೆ, ಯಾವ ಮಾತು ಅಂತ ತಿಳಿಯುವುದಿಲ್ಲ. ಅವಳಪ್ಪನಿಗೆ ಮಾವಿನ ಮಂಡಿಯಲ್ಲಿ ಕೆಲಸ. ಮಗಳಿಗೆ ಎರಡು ವರ್ಷವಾದಾಗ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದರಂತೆ. 1965ರಲ್ಲಿ ಶುರುವಾದ ಆ ಸಂಸ್ಥೆಯ ಹೆಸರು ನಮ್ಮ ಕಡೆ ಇಂಥ ಮಗು ಹುಟ್ಟಿದ ಮನೆಗಳಿಗೆಲ್ಲ ಗೊತ್ತು. ತಾಯಿ ಅಲ್ಲೇ ಒಂದು ಕೋಣೆ ಬಾಡಿಗೆಗೆ ಹಿಡಿದು ಮೂರು ವರ್ಷ ಮಗಳ ಎದುರಿಗೆ ಕೂತು ಒಂದೊಂದೇ ಪದ ಕಲಿಸಿದರು. ಆ ತಾಯಿಯನ್ನು ನಾನು ನೋಡಿಲ್ಲ. ನೋಡಿದ ದಿನ ಕಾಲಿಗೆ ಬೀಳುತ್ತೇನೆ.

ಸೇರಿದ ಹೊಸದರಲ್ಲಿ ಕ್ಯಾಂಟೀನಿನಲ್ಲಿ ಅವಳು ನನಗೊಂದು ಪಾಠ ಮಾಡಿದ್ದಳು. "ಕನ್ನಡಿ ಮುಂದೆ ನಿಂತು ಸದ್ದಿಲ್ಲದೆ ಪಾಪ ಅನ್ನಿ, ಬಾಬ ಅನ್ನಿ, ಮಾಮ ಅನ್ನಿ ಅಕ್ಕ. ಮೂರೂ ಒಂದೇ ಥರ ಕಾಣುತ್ತೆ." ಮನೆಗೆ ಬಂದು ಮಾಡಿ ನೋಡಿದೆ, ನಿಜ. ಪ, ಬ, ಮ ಮೂರಕ್ಕೂ ತುಟಿ ಒಂದೇ ರೀತಿ ಕೂಡುತ್ತದೆ. ಕ, ಗ, ಹ ಬಾಯಿಯ ಒಳಗೇ ಹುಟ್ಟುತ್ತವೆ, ತುಟಿಯವರೆಗೆ ಬರುವುದೇ ಇಲ್ಲ. ಉಳಿದದ್ದನ್ನು ಅವಳು ಮುಖ ನೋಡಿ, ಸಂದರ್ಭ ನೋಡಿ ಜೋಡಿಸಿಕೊಳ್ಳಬೇಕು. ಮೀಟಿಂಗ್‌ನಲ್ಲಿ ಅಂಚೆಚೀಟಿಯಷ್ಟು ಹನ್ನೊಂದು ಮುಖಗಳು, ಅದರಲ್ಲಿ ಅರ್ಧ ಕ್ಯಾಮೆರಾ ಆಫ್. ಅಲ್ಲಿ ಏನು ಜೋಡಿಸುವುದು? ಆಡಿದ ಮಾತನ್ನು ಕಂಪ್ಯೂಟರ್ ತಾನೇ ಬರೆದು ಕೆಳಗೆ ಓಡಿಸುವ ಅಕ್ಷರಗಳೇ, ಕ್ಯಾಪ್ಶನ್ನೇ, ಗತಿ.

ಆ ಅಕ್ಷರಗಳು ಒಳ್ಳೆಯವೇ. ಒಬ್ಬರೇ ಒಂದೇ ಭಾಷೆಯಲ್ಲಿ ಮಾತಾಡಿದರೆ ಹೆಚ್ಚು ಕಡಿಮೆ ಸರಿಯಾಗಿ ಬರುತ್ತವೆ. ಇಬ್ಬರು ಒಟ್ಟಿಗೆ ಮಾತಾಡಿದರೆ ಕಲಸಿಹೋಗುತ್ತವೆ, ಇಂಗ್ಲಿಷಿಗೆ ಇಟ್ಟ ಕ್ಯಾಪ್ಶನ್ನಿಗೆ ಕನ್ನಡ ಬಿದ್ದರೆ ಮುಗಿದೇಹೋಯಿತು. ಮಂಗಳವಾರದ ಮೀಟಿಂಗಿನ ಅಕ್ಷರಗಳನ್ನು ಆಮೇಲೆ ತೆಗೆದು ನೋಡಿದೆ. ಈರುಳ್ಳಿ ಟೆಂಪೋ ಬಂದ ಜಾಗದಲ್ಲಿ "ಇರ್ರೆಗ್ಯುಲರ್ ನಾಕ್ ಕೇಜ್ ಬನಾನಾ" ಅಂತಿದೆ. ಅದರ ಕೆಳಗೆ ಮೂರು ಸಾಲು ಬರೀ ನಗು. ಗುರುವಾರ ಅನ್ನುವ ಪದ ಎಲ್ಲೂ ಇಲ್ಲ. ಕೆಲಸದ ಬೋರ್ಡಿನಲ್ಲೂ ಯಾರೂ ತಾರೀಕು ಬದಲಿಸಿರಲಿಲ್ಲ.

ಗುರುವಾರ ಮಧ್ಯಾಹ್ನ ಅವಳ ಟೆಸ್ಟುಗಳು ಮುಗಿದಿರಲಿಲ್ಲ. ಮುಗಿಯುವುದು ಹೇಗೆ, ಶುಕ್ರವಾರಕ್ಕೆ ಲೆಕ್ಕ ಹಾಕಿಕೊಂಡು ಅವಳು ಮಾಡುತ್ತಿದ್ದಳು. ಬಿಲ್ಡ್ ನಿಂತಿತು. ಸಂಜೆಯ ಮೀಟಿಂಗ್‌ನಲ್ಲಿ ಮ್ಯಾನೇಜರ್ ಹೇಳಿದರು: "ಮಂಗಳವಾರವೇ ಹೇಳಿದ್ದೆವಲ್ಲ? ಗೊತ್ತಾಗದಿದ್ದರೆ ಕೇಳಬೇಕು." ಗದರಲಿಲ್ಲ, ಮೆತ್ತಗೇ ಹೇಳಿದರು. ಅವಳು "ಸಾರಿ" ಅಂತ ಟೈಪ್ ಮಾಡಿದಳು. ನಾನು ಅಲ್ಲೇ ಇದ್ದೆ. ಬಾಯಿ ಬಿಡಲಿಲ್ಲ.

ಗೊತ್ತಾಗದಿದ್ದರೆ ಕೇಳಬೇಕು. ಅವಳು ಕೇಳಿದ್ದಳು.

ನಮ್ಮ ಮ್ಯಾನೇಜರ್ ಕೆಟ್ಟವರಲ್ಲ. ಕಳೆದ ಡಿಸೆಂಬರ್ 3ಕ್ಕೆ, ಅಂಗವಿಕಲರ ದಿನಕ್ಕೆ, ನೇರಳೆ ಅಂಗಿ ಹಾಕಿಕೊಂಡು ಬಂದು ಚೆನ್ನಾಗಿ ಮಾತಾಡಿದ್ದರು; ಮನಸ್ಸಿನಿಂದಲೇ ಮಾತಾಡಿದ್ದರು. ನಮ್ಮಲ್ಲಿ ನೀತಿಯೂ ಇದೆ, ಇರಲೇಬೇಕು. 1995ರ ಕಾನೂನು ಏಳು ಬಗೆಯ ಅಂಗವೈಕಲ್ಯವನ್ನು ಮಾತ್ರ ಹೆಸರಿಸಿತ್ತು, 2016ರ ಕಾನೂನು 21 ಹೆಸರಿಸಿತು. 20 ಜನಕ್ಕಿಂತ ಕಡಿಮೆಯಿಲ್ಲದ ಖಾಸಗಿ ಸಂಸ್ಥೆ ಕೂಡ ತಾನು ಏನೇನು ಸೌಲಭ್ಯ ಕೊಡುತ್ತೇನೆ ಅಂತ ಸಮಾನ ಅವಕಾಶದ ನೀತಿಯಲ್ಲಿ ಬರೆದಿಡಬೇಕು. ನಮ್ಮವರೂ ಬರೆದಿಟ್ಟಿದ್ದಾರೆ. ನಾನು ಅದರ ಆನ್‌ಲೈನ್ ತರಬೇತಿ ಮುಗಿಸಿ ನೂರಕ್ಕೆ ನೂರು ತೆಗೆದುಕೊಂಡವಳು. ಅದರ ಯಾವ ಪ್ರಶ್ನೆಯಲ್ಲೂ ಈರುಳ್ಳಿ ಟೆಂಪೋ ಇರಲಿಲ್ಲ.

ಆದರೆ ನನಗೆ ತರಬೇತಿ ಬೇಕೇ ಇರಲಿಲ್ಲ. ನಾನು ಕಿವಿ ಮಂದವಾಗಿದ್ದ ಅಪ್ಪನ ಮಗಳು.

ನಮ್ಮದು ಬೇತಮಂಗಲ. ಅಪ್ಪ ಕೆಜಿಎಫ್ ಗಣಿಯ ಮಿಲ್ಲಿಗೆ, ಅದಿರು ಪುಡಿ ಮಾಡುವ ಜಾಗಕ್ಕೆ, ಸೈಕಲ್ಲಿನಲ್ಲಿ ಹೋಗುತ್ತಿದ್ದರು. ಚಿಕ್ಕಂದಿನ ಜ್ವರದಲ್ಲಿ ಕಿವಿ ಹೋಗಿತ್ತಂತೆ. ಒಂದು ಪೂರ್ತಿ, ಇನ್ನೊಂದು ಮುಕ್ಕಾಲು. ಮಿಲ್ಲಿನೊಳಗೆ ಕಲ್ಲು ಒಡೆಯುವ ಸದ್ದಿಗೆ ಯಾರ ಮಾತೂ ಯಾರಿಗೂ ಕೇಳಿಸುತ್ತಿರಲಿಲ್ಲ. ಹಾಗಾಗಿ ಅಲ್ಲಿ ಎಲ್ಲರೂ ಕೈಯಲ್ಲೇ ಮಾತಾಡುತ್ತಿದ್ದರು. ಅಂಗೈ ಅಡ್ಡ ಆಡಿಸಿದರೆ ನಿಲ್ಲಿಸು, ಹೆಬ್ಬೆರಳು ತುಟಿಗೆ ಹೋದರೆ ಟೀ, ಮೀಸೆ ತಿರುವಿದರೆ ಮೇಸ್ತ್ರಿ ಬರುತ್ತಿದ್ದಾನೆ. ತಮಿಳಿನವರು, ತೆಲುಗಿನವರು, ನಮ್ಮವರು, ಎಲ್ಲರಿಗೂ ಅದೇ ಭಾಷೆ. ಅಪ್ಪ ಅದರಲ್ಲಿ ಎಲ್ಲರಿಗಿಂತ ಚುರುಕು. ಹೊಸದಾಗಿ ಸೇರಿದ ಹುಡುಗರನ್ನು ಅಪ್ಪನ ಹತ್ತಿರವೇ ಕಲಿಯಲು ಬಿಡುತ್ತಿದ್ದರಂತೆ.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಅಪ್ಪ ಕಿವುಡರಾದದ್ದು ಮಾರ್ಚ್ ಒಂದಕ್ಕೆ.

ಮನೆಯಲ್ಲಿ ಕೂತರು. ಮನೆ ತುಂಬ ಮಾತು ಓಡಾಡುತ್ತಿತ್ತು. ಅಪ್ಪ ಒಬ್ಬೊಬ್ಬರ ಮುಖ ನೋಡುತ್ತಾ "ಏನಂತೆ?" ಅನ್ನುತ್ತಿದ್ದರು. ಅಮ್ಮ, ಅಣ್ಣ, ಅತ್ತೆ, ನಾನು, ಎಲ್ಲರದೂ ಒಂದೇ ಉತ್ತರ: ಏನಿಲ್ಲ ಬಿಡಿ. ಅಣ್ಣನ ಮದುವೆ ಮಾತುಕತೆಗೆ ಹೆಣ್ಣಿನ ಕಡೆಯವರು ಬಂದಿದ್ದಾಗ ಎಲ್ಲರೂ ಜೋರಾಗಿ ನಕ್ಕ ಒಂದು ಗಳಿಗೆ ನನಗೆ ಚೆನ್ನಾಗಿ ನೆನಪಿದೆ. ಅಪ್ಪನೂ ನಕ್ಕರು, ಎಲ್ಲರಿಗಿಂತ ಒಂದು ಕ್ಷಣ ತಡವಾಗಿ. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ "ಏನಂದ್ರಮ್ಮ?" ಅಂದರು. ನಾನು ಕಾಫಿ ಲೋಟ ಎತ್ತಿಡುತ್ತಿದ್ದೆ. ಏನಿಲ್ಲ ಬಿಡಪ್ಪ ಅಂದೆ.

ನಮ್ಮ ಭಾಷೆಯಲ್ಲಿ ಇದಕ್ಕಿಂತ ಮೃದುವಾದ ಮಾತು ಸಿಗುವುದು ಕಷ್ಟ. ಬೈಗುಳವಲ್ಲ, ತಿರಸ್ಕಾರವೂ ಅಲ್ಲ, ಎಷ್ಟೋ ಸಲ ಪ್ರೀತಿಯಿಂದಲೇ ಹೇಳುತ್ತೇವೆ. ಆದರೆ ಎದುರಿಗಿರುವವರು ಕೇಳಿದ್ದು ಸಣ್ಣ ಸಂಗತಿ ಅಂತ ತೀರ್ಮಾನ ಮಾಡಿದವರು ನಾವು. ಅವರಿಗೆ ಆ ಸಣ್ಣ ಸಂಗತಿಯೂ ಸಿಕ್ಕಿಲ್ಲ. ನಗು ಸಣ್ಣದು ಅಂತ ನಾನು ಅವಳಿಗೆ ಕೊಡಲಿಲ್ಲ, ನಗುವಿನ ಬಾಲ ಹಿಡಿದುಕೊಂಡು ಗುರುವಾರವೂ ಹೋಯಿತು. ಒಂದು ವೇಳೆ ಗುರುವಾರ ಹೋಗದಿದ್ದರೂ ನಗು ಹೋಗಿದ್ದೇ ಸಾಕಾಗಿತ್ತು ಅಂತ ಈಗ ಅನ್ನಿಸುತ್ತಿದೆ.

ಅಪ್ಪ ಆಮೇಲಾಮೇಲೆ ಕೇಳುವುದನ್ನು ನಿಲ್ಲಿಸಿದರು. ವಯಸ್ಸಾಯಿತು, ಮಾತು ಕಡಿಮೆಯಾಯಿತು ಅಂದುಕೊಂಡೆವು. ಇಪ್ಪತ್ತು ವರ್ಷ ಹಾಗೇ ಅಂದುಕೊಂಡಿದ್ದೆ. ನನ್ನ ವಿಷಯವೂ ಇದೆ. ಬೇತಮಂಗಲದ ಕನ್ನಡ ಶಾಲೆಯಲ್ಲಿ ಓದಿದವಳು ನಾನು. ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ಆಸ್ಟಿನ್‌ನವರ ಇಂಗ್ಲಿಷ್ ತಮಾಷೆ ಅರ್ಥವಾಗದೆ ನಕ್ಕಿದ್ದೇನೆ, ಅಪ್ಪನ ಹಾಗೆ ಒಂದು ಕ್ಷಣ ತಡವಾಗಿ. ಯಾಕೆ ನಗುತ್ತಿದ್ದೀರಿ ಅಂತ ಒಮ್ಮೆಯೂ ಕೇಳುವ ಧೈರ್ಯ ಬರಲಿಲ್ಲ. ಈ ಹುಡುಗಿಗೆ ಇದೆ. ಸೇರಿದ ದಿನದ ಪರಿಚಯದ ಸ್ಲೈಡಿನಲ್ಲೇ ಅವಳು ವಿಂಟ್ ಸರ್ಫ್ ಅವರ ಫೋಟೋ ಹಾಕಿದ್ದಳು. 1974ರಲ್ಲಿ ಬಾಬ್ ಕಾನ್ ಜೊತೆ ಸೇರಿ ಇಂಟರ್‌ನೆಟ್ಟಿನ ಬುನಾದಿಯಾದ ಟಿಸಿಪಿಯ ವಿನ್ಯಾಸ ಪ್ರಕಟಿಸಿದವರು, ಹುಡುಗರಾಗಿದ್ದಾಗಿನಿಂದ ಕಿವಿಗೆ ಮಷಿನ್ ಹಾಕಿಕೊಂಡವರು. "ನೀವೆಲ್ಲ ಇವತ್ತು ಈ ಮೀಟಿಂಗ್‌ನಲ್ಲಿ ಇರೋದಕ್ಕೆ ಇವರೂ ಕಾರಣ" ಅಂತ ಕೆಳಗೆ ಬರೆದಿದ್ದಳು. ಅಷ್ಟು ಧೈರ್ಯದ ಹುಡುಗಿಗೆ ನಾವು ನಾಲ್ಕು ತಿಂಗಳಲ್ಲಿ ಎಷ್ಟು ಸಲ ಏನಿಲ್ಲ ಅಂದಿದ್ದೇವೋ. ಅಪ್ಪ ಯಾವತ್ತು ನಿಲ್ಲಿಸಿದರು ಅಂತ ನಮಗೆ ತಿಳಿಯಲಿಲ್ಲ. ಇವಳೂ ಒಂದು ದಿನ ಹಾಗೇ ನಿಲ್ಲಿಸುತ್ತಾಳೆ, ನಾವು "ಸ್ವಲ್ಪ ಮೌನಿ, ಕೆಲಸ ಮಾತ್ರ ಅಚ್ಚುಕಟ್ಟು" ಅಂತ ವರ್ಷದ ರಿವ್ಯೂನಲ್ಲಿ ಬರೆಯುತ್ತೇವೆ.

ಶುಕ್ರವಾರದ ಮೀಟಿಂಗ್ ಶುರುವಾಗುತ್ತಲೇ ಕೈ ಎತ್ತಿದೆ. ಅವಳು ಓದಲಿ ಅಂತ ಒಂದೊಂದೇ ಮಾತು ನಿಧಾನವಾಗಿ ಹೇಳಿದೆ. ಮಂಗಳವಾರ ಅವಳು ಕೇಳಿದ್ದಳು, ನನ್ನನ್ನೇ ಕೇಳಿದ್ದಳು, ಏನಿಲ್ಲ ಬಿಡು ಅಂದವಳು ನಾನು, ಬಿಲ್ಡ್ ನಿಂತದ್ದು ಅವಳಿಂದಲ್ಲ. ಕೆಲವು ಕ್ಷಣ ಯಾರೂ ಮಾತಾಡಲಿಲ್ಲ. ಮ್ಯಾನೇಜರ್ ಕ್ಯಾಮೆರಾ ಆನ್ ಮಾಡಿ, ಮುಖ ತೋರಿಸಿ, ಅವಳ ಹೆಸರು ಹಿಡಿದು ಕ್ಷಮೆ ಕೇಳಿದರು. ಆ ಗೌರವ ಅವರಿಗೆ ಸಲ್ಲಬೇಕು. ಒಬ್ಬರಾದ ಮೇಲೆ ಒಬ್ಬರು ಮಾತಾಡುವುದು, ತೀರ್ಮಾನವನ್ನು ಟೈಪ್ ಮಾಡಿಯೇ ಮುಂದಿನ ವಿಷಯಕ್ಕೆ ಹೋಗುವುದು ಅಂತಾಯಿತು. ನಮ್ಮವನೇ ಒಬ್ಬ "ಮೀಟಿಂಗ್ ಉದ್ದ ಆಗುತ್ತೆ" ಅಂತ ಗೊಣಗಿದ. ಹೌದು, ಆರು ನಿಮಿಷ ಉದ್ದವಾಯಿತು. ನಿಂತ ಬಿಲ್ಡ್‌ನಿಂದ ಹೋದದ್ದು ಒಂದು ಇಡೀ ದಿನ. ಅವನ ಮೇಲೆ ನನಗೆ ಇನ್ನೂ ಸಿಟ್ಟಿದೆ.

ರಾತ್ರಿ ಅವಳ ಮೆಸೇಜು ಬಂತು. "ಥ್ಯಾಂಕ್ಸ್ ಅಕ್ಕ. ಆದ್ರೆ ಅವತ್ತು ಯಾಕೆ ನಕ್ಕಿದ್ದು ಅಂತ ಇನ್ನೂ ಯಾರೂ ಹೇಳಿಲ್ಲ."

ಓದಿ ಗಂಟಲು ಕಟ್ಟಿತು. ಕೂತು ಬರೆದೆ. ಟೆಂಪೋ, ಮೈಕು, ಕ್ರಾಕೋವ್‌ನವನ ಮುಖ, ಯಾರು ಯಾವ ಭಾಷೆಯಲ್ಲಿ ಏನು ಸೇರಿಸಿದರು, ಎಲ್ಲ. ಅವಳು ನಗುವಿನ ಚಿತ್ರ ಕಳಿಸಿದಳು. ಆಮೇಲೆ ಕೇಳಿದಳು: "ಆ ಟೆಂಪೋ ನಮ್ಮ ಬೀದಿಗೂ ಬರುತ್ತೆ. ಮೈಕಲ್ಲಿ ಏನೋ ಹೇಳ್ತಾರೆ ಅಂತ ಗೊತ್ತು. ಪೂರ್ತಿ ಏನು ಹೇಳುತ್ತೆ ಅಕ್ಕ?"

ನನಗೂ ಪೂರ್ತಿ ಗೊತ್ತಿರಲಿಲ್ಲ. ವರ್ಷಗಟ್ಟಲೆ ಕೇಳಿದ್ದೇನೆ, ಒಮ್ಮೆಯೂ ಕಿವಿಗೊಟ್ಟಿಲ್ಲ.

ನಿನ್ನೆ ಸಂಜೆ ಗೇಟಿನ ಹತ್ತಿರ ಫೋನ್ ಹಿಡಿದು ಕಾದೆ. ಟೆಂಪೋ ಬಂತು. ಹುಡುಗ ತಕ್ಕಡಿ ಎತ್ತಿಕೊಂಡು "ಎಷ್ಟು ಕೇಜಿ ಅಕ್ಕ?" ಅಂದ. "ನಾಕು ಕೇಜಿ ಹಾಕಪ್ಪ. ಮೈಕು ಮಾತ್ರ ನಿಲ್ಲಿಸಬೇಡ, ಇನ್ನೊಂದು ಸುತ್ತು ಬರಲಿ" ಅಂದೆ. ಎರಡು ಸುತ್ತು ಕೇಳಿ, ಒಂದು ಪದ ಬಿಡದೆ ಟೈಪ್ ಮಾಡಿ ಕಳಿಸಿದೆ: ಈರುಳ್ಳಿ ಈರುಳ್ಳಿ ಈರುಳ್ಳಿ, ಬನ್ನಿ ಅಮ್ಮ, ಬನ್ನಿ ಅಕ್ಕ, ನೂರು ರೂಪಾಯಿಗೆ ನಾಕು ಕೇಜಿ, ದಪ್ಪ ಈರುಳ್ಳಿ, ಒಣಗಿದ ಈರುಳ್ಳಿ, ಕೊಳೆತಿದ್ರೆ ವಾಪಸ್ ಕೊಡಿ, ಈರುಳ್ಳಿ ಈರುಳ್ಳಿ ಈರುಳ್ಳಿ.

ಎರಡು ನಿಮಿಷದಲ್ಲಿ ಉತ್ತರ ಬಂತು. "ಅಮ್ಮ ಬೆಳಿಗ್ಗೆ ನೂರಕ್ಕೆ ಐದು ಕೇಜಿ ತಂದಿದ್ದಾರೆ ಅಕ್ಕ. ನಿಮಗೆ ಮೋಸ ಆಯ್ತು."