ಟಕ್ ಅನ್ನುವ ಸದ್ದು

ಊಟ ಮಾಡುತ್ತಾ ಒಂದು ವಿಡಿಯೋ ನೋಡಿದೆ. ಫೆರಾರಿ ಎಫ್430, ಮ್ಯಾನುಯಲ್ ಗೇರ್. ಲಿವರ್ ಸುತ್ತ ಹೊಳೆಯುವ ಲೋಹದ ತಟ್ಟೆ, ಒಂದೊಂದು ಗೇರಿಗೂ ಒಂದೊಂದು ಸೀಳು. ಎರಡರಿಂದ ಮೂರಕ್ಕೆ ಹಾಕಿದಾಗ 'ಟಕ್'. ವಿಡಿಯೋ ಹಿಂದಕ್ಕೆ ಓಡಿಸಿ ಅದನ್ನೇ ನಾಲ್ಕು ಸಲ ಕೇಳಿದೆ. ಸಾರು ಆರಿಹೋಯಿತು.

ತಮಾಷೆ ನೋಡಿ. 1997ರಲ್ಲಿ ಫೆರಾರಿಯ ಎಫ್355ಗೆ, ಸ್ಟೀರಿಂಗ್ ಹಿಂದೆ ಬೆರಳಲ್ಲೇ ಗೇರು ಬದಲಿಸುವ ಪ್ಯಾಡಲ್ ಬಂತು. ರೇಸ್ ಕಾರಿನ ಗೇರು ಅಂತ ಜನ ಜಾಸ್ತಿ ದುಡ್ಡು ಕೊಟ್ಟು ತಗೊಂಡರು. ಈಗ ಸಂಗ್ರಹಕಾರರು ಕ್ಲಚ್ ಪೆಡಲ್ ಇರುವ ಮ್ಯಾನುಯಲ್‌ಗೇ ದುಡ್ಡು ಸುರಿಯುತ್ತಾರೆ. ಫೆರಾರಿಯದೇ 599 ಜಿಟಿಬಿಯಲ್ಲಂತೂ ಮ್ಯಾನುಯಲ್ ಬಂದಿದ್ದೇ ಸುಮಾರು 30 ಕಾರು.

ಪ್ಯಾಡಲ್ಲೇ ವೇಗ, ಒಪ್ಪಿದೆ. ಆದರೆ ಆ ಟಕ್ ಎಲ್ಲಿ?

ಇಷ್ಟೆಲ್ಲ ಹೇಳುವ ನಾನು, ಟ್ರಾಫಿಕ್‌ನಲ್ಲಿ ಎಡಗಾಲು ನೋವು ಅಂತ ಹೋದ ವರ್ಷ ತಾನೇ ಆಟೋಮ್ಯಾಟಿಕ್ ಕಾರು ತಗೊಂಡವನು!