ಐದು ಜನಕ್ಕೆ ಒಂದೇ ಚೆಂಡು

ಭಾನುವಾರ, ಸೆಂಟ್ರಲ್ ಲೈನಿನಲ್ಲಿ ಮೆಗಾಬ್ಲಾಕ್ (ದುರಸ್ತಿಗಾಗಿ ಲೋಕಲ್ ರೈಲು ಬಂದ್), ಹೊರಗೆ ಜುಲೈ ಮಳೆ. ಮುಂಬೈ ಬಳಿಯ ಡೊಂಬಿವಲಿಯ ಫ್ಲ್ಯಾಟೊಂದರಲ್ಲಿ ಧಾರವಾಡ, ಕುಂದಾಪುರ, ಬೆಳಗಾವಿ ಕಡೆಯ ನಾಲ್ಕಾರು ಮಂದಿ ಲ್ಯಾಪ್‌ಟಾಪ್ ಸುತ್ತ ಕೂತಿದ್ದೆವು. ಬ್ಯಾಸ್ಕೆಟ್‌ಬಾಲ್ ಕೋಚಿಂಗ್ ಸಿಮ್ಯುಲೇಶನ್‌ನಲ್ಲಿ ನಮ್ಮದೇ ಒಂದು ಲೀಗ್. ರಾತ್ರಿ ಪಂದ್ಯಗಳು ತಾವಾಗಿ ಓಡುತ್ತವೆ. ಅಷ್ಟರೊಳಗೆ ಸೆಟ್ಟಿಂಗ್ ಮುಗಿಸಿರಬೇಕು. ಧಾರವಾಡದ ಗೆಳೆಯನ ತಂಡ ಹಿಂದಿನ ಪಂದ್ಯದಲ್ಲಿ 104 ಅಂಕ ಹೊಡೆದೂ ಸೋತಿತ್ತು. "ಅಫೆನ್ಸ್ ಚಲೋನ ಐತಿ, ಡಿಫೆನ್ಸ್ ಕೈ ಕೊಡಾಕತ್ತೈತಿ" ಅಂತ ಅವನ ವಾದ.

ಬಾಕ್ಸ್ ಸ್ಕೋರ್ (ಪಂದ್ಯದ ಅಂಕಿಅಂಶಗಳ ಪಟ್ಟಿ) ಬೇರೆಯೇ ಹೇಳುತ್ತಿತ್ತು: 88 ಶಾಟ್, 9 ಅಫೆನ್ಸಿವ್ ರೀಬೌಂಡ್ (ತಪ್ಪಿದ ಶಾಟ್‌ನ ಚೆಂಡನ್ನು ಎಸೆದ ತಂಡವೇ ಮತ್ತೆ ಹಿಡಿದದ್ದು), 19 ಟರ್ನೋವರ್ (ಶಾಟ್ ಎಸೆಯದೆಯೇ ಚೆಂಡು ಕಳೆದುಕೊಂಡದ್ದು), 20 ಫ್ರೀ ಥ್ರೋ (ಎದುರಾಳಿಯ ಫೌಲ್‌ಗೆ ಸಿಗುವ ಎಸೆತ). ಶಾಟ್‌ನಿಂದ ರೀಬೌಂಡ್ ಕಳೆದು, ಟರ್ನೋವರ್ ಕೂಡಿಸಿ, ಫ್ರೀ ಥ್ರೋಗಳನ್ನು 0.44ರಿಂದ ಗುಣಿಸಿ ಸೇರಿಸಿದರೆ ಪೊಸೆಷನ್, ಅಂದರೆ ಚೆಂಡು ತಂಡದ ಕೈಗೆ ಬಂದ ಸರದಿಗಳ ಸಂಖ್ಯೆ, ಸಿಗುತ್ತದೆ. (ಬುಟ್ಟಿ ಬಿದ್ದ ಮೇಲೆ ಸಿಗುವ ಒಂಟಿ ಫ್ರೀ ಥ್ರೋ ಹೊಸ ಪೊಸೆಷನ್ ತಿನ್ನುವುದಿಲ್ಲ; 0.5 ಬದಲು 0.44 ಇರುವುದು ಅದಕ್ಕೇ.) ಲೆಕ್ಕ ಸುಮಾರು 107ಕ್ಕೆ ಬಂತು. ಅಂದರೆ ಒಂದು ಪೊಸೆಷನ್ನಿಗೆ ಒಂದು ಅಂಕವೂ ಇಲ್ಲ. ಪೇಸ್ (ಆಟದ ವೇಗ) ಗರಿಷ್ಠಕ್ಕಿಟ್ಟಿದ್ದರಿಂದ ಅಂಕ ಉಬ್ಬಿತ್ತು, ಅಷ್ಟೆ. 2019ರಲ್ಲಿ ವರ್ಲಿಯ ಡೋಮ್‌ನಲ್ಲಿ ಎನ್‌ಬಿಎಯ (ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್) ಪೇಸರ್ಸ್ ತಂಡ ಕಿಂಗ್ಸ್ ವಿರುದ್ಧ 132-131ರಲ್ಲಿ ಗೆದ್ದದ್ದನ್ನು ಅವನು ಎಳೆದು ತಂದ. ಆ ಪಂದ್ಯ ಓವರ್‌ಟೈಮ್‌ನ ಹೆಚ್ಚುವರಿ ಆಟಕ್ಕೆ ಹೋಗಿತ್ತು. ಬರೀ ಅಂಕ ನೋಡಿ ಅಫೆನ್ಸ್ ಅಳೆಯಲು ಹೋದರೆ ಆಗುವುದೇ ಹೀಗೆ.

ಮೊದಲು ಕೈ ಹಾಕಬೇಕಾದ್ದು ಆರಂಭದ ಐವರಿಗೆ. ಅವನು ಓವರಾಲ್ ರೇಟಿಂಗ್ ನೋಡಿ ಮೇಲಿನಿಂದ ಐವರನ್ನು ಎತ್ತಿದ್ದ. ಆ ಸಂಖ್ಯೆಯಲ್ಲಿ ಡಿಫೆನ್ಸ್, ರೀಬೌಂಡ್ ಎಲ್ಲ ಬೆರೆತಿರುತ್ತವೆ. ಪರಿಣಾಮವಾಗಿ ದೂರದಿಂದ ಎಸೆಯಲಾರದ ಇಬ್ಬರು ಎತ್ತರದವರು, ಜೊತೆಗೆ ಶಾಟ್ ಇಲ್ಲದ ಪಾಯಿಂಟ್ ಗಾರ್ಡ್ (ಚೆಂಡು ತಂದು ಆಟ ನಡೆಸುವವನು). ಬುಟ್ಟಿಯ ಕೆಳಗೆ ಸಂಜೆ ಆರರ ದಾದರ್ ಬ್ರಿಡ್ಜ್‌ನ ನೂಕುನುಗ್ಗಲು. ಕನಿಷ್ಠ ಮೂವರು ನಿಜವಾದ ಶೂಟರ್‌ಗಳು, ಚೆಂಡು ನಡೆಸುವವನೊಬ್ಬ, ಒಳಗೆ ಮುಗಿಸುವವನೊಬ್ಬ ಇರಲಿ. ಆಟದ ಎಂಜಿನ್ (ಪಂದ್ಯ ಓಡಿಸುವ ಪ್ರೋಗ್ರಾಂ) ಸ್ಪೇಸಿಂಗನ್ನು (ಆಟಗಾರರು ಹರಡಿ ನಿಂತು ಒಳಗೆ ಜಾಗ ಬಿಡುವುದನ್ನು) ಲೆಕ್ಕಕ್ಕೆ ತೆಗೆದುಕೊಳ್ಳುತ್ತದೋ ಇಲ್ಲವೋ ತಿಳಿಯಲು ಒಬ್ಬ ಎತ್ತರದವನ ಬದಲಿಗಷ್ಟೇ ಶೂಟರ್‌ನನ್ನು ಹಾಕಿ ಅಭ್ಯಾಸ ಪಂದ್ಯಗಳನ್ನು ಓಡಿಸಿ, ಉಳಿದ ಸೆಂಟರ್‌ನ (ಬುಟ್ಟಿಯ ಬಳಿ ಆಡುವ ಎತ್ತರದವನ) ಹತ್ತಿರದ ಶಾಟ್ ಶೇಕಡಾವಾರು ನೋಡಿ. ಅದು ಏರಿದರೆ ಎಂಜಿನ್ ನೋಡುತ್ತಿದೆ. ಒಂದೇ ಸಲ ನಾಲ್ಕು ಸೆಟ್ಟಿಂಗ್ ತಿರುಗಿಸಿದರೆ ಯಾವುದರಿಂದ ಏನಾಯಿತು ಅನ್ನುವುದು ದೇವರಿಗೇ ಗೊತ್ತು.

ಶಾಟ್ ಹಂಚಿಕೆ ಸರಳ ಗುಣಾಕಾರ. ಶೇ. 35ರಷ್ಟು ಬೀಳುವ ಮೂರಂಕದ ಶಾಟ್ 1.05 ಅಂಕ ಕೊಡುತ್ತದೆ; ಶೇ. 42ರ ಮಿಡ್‌ರೇಂಜ್ (ಮಧ್ಯದೂರದ, ಎರಡಂಕದ ಶಾಟ್) 0.84; ಬುಟ್ಟಿಯ ಬುಡದಲ್ಲಿ ಶೇ. 60 ಆದರೆ 1.2. ಹಾಗಂತ ಮಿಡ್‌ರೇಂಜನ್ನು ಸೊನ್ನೆಗೆ ಇಳಿಸಬಾರದು. ಶಾಟ್‌ಗೆ ಕೊಟ್ಟ 24 ಸೆಕೆಂಡಿನ ಗಡಿಯಾರ ಮುಗಿಯುತ್ತ ಬಂದಾಗ ಏನೋ ಒಂದು ಎಸೆಯಲೇಬೇಕು. ಎಂಜಿನ್‌ನಲ್ಲಿ ಕಾರ್ನರ್ (ಅಂಕಣದ ಮೂಲೆ) ಬೇರೆ ವಲಯವಾಗಿದ್ದರೆ ಸಾಧಾರಣ ಶೂಟರ್‌ನನ್ನು ಅಲ್ಲಿ ನಿಲ್ಲಿಸಿ: ಎನ್‌ಬಿಎ ಅಳತೆಯಲ್ಲಿ ಮೂರಂಕದ ಗೆರೆ ಮೇಲ್ಭಾಗದಲ್ಲಿ 7.24 ಮೀಟರ್, ಕಾರ್ನರ್‌ನಲ್ಲಿ 6.7.

ಟರ್ನೋವರ್‌ಗೆ ಕಾರಣ ಯೂಸೇಜ್ (ಯಾರ ಪಾಲಿಗೆ ಎಷ್ಟು ಪೊಸೆಷನ್) ಪುಟದಲ್ಲೇ ಇತ್ತು. ಐವರಿಗೂ ತಲಾ ಶೇ. 20, ಸೆಂಟರ್ ಕೂಡ ಡ್ರಿಬಲ್ ಮಾಡುತ್ತಿದ್ದ! ಅವನದನ್ನು 14ಕ್ಕೆ ಇಳಿಸಿ, ಒಳ್ಳೆಯ ಸ್ಕೋರರ್‌ಗೆ 27 ಕೊಟ್ಟೆವು. ಅದಕ್ಕೂ ಮೇಲೆ ತಳ್ಳಿದರೆ ಅವನು ಕೆಟ್ಟ ಶಾಟ್‌ಗಳನ್ನೂ ಎಸೆಯುತ್ತಾನೆ. ಚೆಂಡು ತರುವ ಕೆಲಸ ಮಾತ್ರ ಸ್ಕೋರರ್‌ಗಲ್ಲ, ಪಾಸಿಂಗ್ ರೇಟಿಂಗ್ ಇರುವವನಿಗೆ.

ಅಫೆನ್ಸಿವ್ ರೀಬೌಂಡ್‌ಗೆ ಇಬ್ಬರು ಸಾಕು, ಮೂವರು ಡಿಫೆನ್ಸ್‌ಗೆ ಹಿಂದೆ ಓಡಲಿ. ಪೇಸನ್ನು ಕಟ್ಟಕಡೆಗೆ ಮುಟ್ಟಿ, ಸಾಧಾರಣಕ್ಕೆ ತಂದೆವು.

ರಾತ್ರಿ 93 ಪೊಸೆಷನ್ನಿಗೆ 98 ಅಂಕ ಬಂತು, ತಂಡವೂ ಗೆದ್ದಿತು. "ಅಂಕ ಕಡಿಮಿ ಆತಲ್ಲೋ" ಅಂತ ಅವನ ಗೊಣಗಾಟ ಬೇರೆ. 12 ಟರ್ನೋವರ್‌ಗಳಲ್ಲಿ 7 ಎರಡನೇ ಕ್ವಾರ್ಟರಿನವು; ಬೆಂಚಿನ ಐವರಲ್ಲಿ ಚೆಂಡು ನಡೆಸುವವನೇ ಇಲ್ಲ. ಪಾಯಿಂಟ್ ಗಾರ್ಡ್‌ನನ್ನು ಮೊದಲ ಕ್ವಾರ್ಟರಿನ 8ನೇ ನಿಮಿಷಕ್ಕೇ ಕೂರಿಸಿ, ಎರಡನೆಯದರ ಆರಂಭಕ್ಕೆ ಬೆಂಚಿನವರ ಜೊತೆ ಇಳಿಸಬೇಕು.